ಅಕ್ಕಯಮ್ಮನ ಆಳುಗಳು

ಹನ್ನೊಂದನೆಯ ದಿನದ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ, ಹಾಲಿನವಳು ಮಾಮೂಲಿನಂತೆ ಬಂದು ಪಾತ್ರೆ ಕೇಳಿದಳು. ಇವತ್ತಿನಿಂದ ಒಂದು ಪಾವು ಕಡಿಮೆ ಹಾಕು ಎಂದೆ. ಗಂಡ ಸತ್ತದ್ದು ನನಗೆ ನಿಜವಾಗಿ ತಿಳಿದದ್ದು ಆ ಗಳಿಗೆಯಲ್ಲಿ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಹಾಲು ಒಂದು ಪಾವು ಕಡಿಮೆ ಬಂತು. ಒಲೆಯ ಮೇಲಿಟ್ಟೆ.

ಅದು ಸೋಮವಾರ. ಯುದ್ಧದ ಐದನೆಯ ವರ್ಷ.

ಹಾಲು ಕಾಯುವ ಮೊದಲೇ ಬಾಗಿಲಲ್ಲಿ ಒಂಬತ್ತು ಜನ ಹೆಂಗಸರು ನಿಂತಿದ್ದರು. ಅನುಗೊಂಡನಹಳ್ಳಿಯಿಂದಾಚೆ, ದೇವನಗೊಂದಿ ರೈಲು ಸ್ಟೇಷನ್ನಿನ ದಾರಿಯಲ್ಲಿ, ನನ್ನ ಗಂಡ ರಾಮಾಂಜಿನಪ್ಪನವರು ನಡೆಸುತ್ತಿದ್ದ ಷೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದವರು. ನೂಲು ಮದರಾಸಿಗೆ ಹೋಗುತ್ತಿತ್ತು, ಅಲ್ಲಿಂದ ಲಂಡನ್ನಿನ ಪೆಂಬರ್ಟನ್ ಹೇಲ್ ಎಂಬ ಕಂಪನಿಗೆ. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ಈ ನೂಲು ಎಂದು ಅವರು ಹೇಳಿದಾಗ ಊರಿನಲ್ಲಿ ಯಾರೂ ನಂಬಿರಲಿಲ್ಲ. ಮೋಡಕ್ಕಿಂತ ಮೇಲೆ ಇರುವವನಿಗೆ ಕೊಡೆ ಯಾಕೆ ಎಂದು ಕೇಳಿದ್ದರು.

“ಬೀಗದಕೈ ಕೊಡ್ತೀರಾ ಅಮ್ಮಾರೆ?” ಎಂದಳು ಪಿಳ್ಳಮ್ಮ. ಒಂಬತ್ತು ಜನರ ಬಾಯಿಯೂ ಅವಳೊಬ್ಬಳೇ. “ಗೌಡ್ರಿಗೆ ಹಂಗಾಗಬಾರದಾಗಿತ್ತು, ಆಗೋಯ್ತು. ನಾವೂ ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಎರಡು ತಿಂಗಳ ಸಂಬಳ ನಿಂತದೆ. ಒಲೆ ಹಚ್ಚಿದ್ರೆ ತಾನೆ ಅವರು ಕಳಿಸೋದು?”

ಅತ್ತೆ ಅಮ್ಮಯಮ್ಮ ನಡುಮನೆಯಿಂದಲೇ ಕೂಗಿದರು. “ಲೇ ಪಿಳ್ಳಿ, ನನ್ನ ಮಗನ ಮೇಲಿನ ಮಣ್ಣು ಇನ್ನೂ ಆರಿಲ್ಲ. ಸಂಬಳ ಕೇಳಕ್ಕೆ ಬಂದವಳೆ, ನಾಚಿಕೆ ಇಲ್ದೋಳು!”

“ಅವ್ರಿದ್ದಿದ್ರೆ ಅವ್ರನ್ನೇ ಕೇಳ್ತಿದ್ದೆ ಕಣವ್ವ,” ಎಂದಳು ಪಿಳ್ಳಮ್ಮ. “ಇಲ್ವಲ್ಲ.”

ಕಂಪನಿಯಿಂದ ಕಾಗದ ಬರಲಿ, ತಿಳಿಸುತ್ತೇನೆ ಎಂದೆ. ಎಂಟು ಜನ ಹೋದರು. ಒಬ್ಬಳು ಹೋಗಲಿಲ್ಲ. ಷೆಡ್ಡಿನ ಕಸ ಗುಡಿಸಿ ಒಲೆಗೆ ಸೌದೆ ಒಟ್ಟುವ ಅಕ್ಕಯಮ್ಮ. ವಯಸ್ಸು ಐವತ್ತರ ಮೇಲೆ. ಗಂಡ ಸತ್ತು ಹದಿನೈದು ವರ್ಷವಾಗಿತ್ತು. ಬಾಗಿಲ ಕಂಬಕ್ಕೆ ಅಂಟಿಕೊಂಡು ನಿಂತಳು.

“ನನ್ನ ಪಟ್ಟೆ ಅಮ್ಮಾರೆ.”

“ಯಾವ ಪಟ್ಟೆ?”

“ಹೊಲದ್ದು. ಗೌಡ್ರು ಇಸ್ಕಂಡಿದ್ರು, ಎರಡು ದಿನಕ್ಕೆ ಅಂತ.”

“ಯಾವಾಗ?”

“ಹೋದ ವರ್ಷದ್ದಲ್ಲ, ಅದರ ಹಿಂದಿನ ಯುಗಾದಿಗೆ.”

ಅವಳಿಗೆ ಮೂವತ್ತು ಗುಂಟೆ ಹೊಲವಿತ್ತು. ಗಂಡನ ಕಾಲಾನಂತರ ಅವಳ ಹೆಸರಿಗೆ ಆಗಿದ್ದ ಹಕ್ಕಿನ ಕಾಗದ ಅದು. ಈಗ ಮೈದುನ ಚಿಕ್ಕವೆಂಕಟಪ್ಪ ಹೊಸಕೋಟೆಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿದ್ದ: ಈ ಹೆಂಗಸು ಹೊಲವನ್ನು ಬಿಳಿಯರ ಕಂಪನಿಗೆ ಒತ್ತೆ ಇಟ್ಟಿದ್ದಾಳೆ, ಪಟ್ಟೆ ಅವಳ ಕೈಯಲ್ಲಿಲ್ಲ, ಬೇಕಾದರೆ ಕೇಳಿ ನೋಡಿ ಎಂದು. ಕೇಳುವ ದಿನ ಗೊತ್ತಾಗಿತ್ತು. ಶನಿವಾರ ಅಮಲ್ದಾರರ ಮುಂದೆ ಅವಳು ಕಾಗದ ತೋರಿಸಬೇಕು. ತೋರಿಸದಿದ್ದರೆ ಹೊಲ ಮೈದುನನದು.

“ಗೌಡ್ರನ್ನ ಕೇಳ್ದಾಗಲೆಲ್ಲ ನಾಳೆ ಅಂತಿದ್ರು. ಒಳ್ಳೇರು. ಮರೆವು,” ಎಂದಳು.

ಹುಡುಕುತ್ತೇನೆ ಎಂದೆ. ಆ ಸಲ ಹಾಗೆಂದದ್ದು ನಿಜವಾಗಿಯೇ.

ಹತ್ತು ಗಂಟೆಗೆ ಅಂಚೆಯವನು ಬಂದ. ಮದರಾಸಿನ ಲಕೋಟೆ. ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದರು: ಶ್ರೀಮತಿ ಅಕ್ಕಯಮ್ಮ, ಮಾಲೀಕರು, ರಾಮಾಂಜಿನಪ್ಪನವರ ಮನೆಯ ವಿಳಾಸಕ್ಕೆ. ತಪ್ಪು ಬಿದ್ದಿರಬೇಕೆಂದು ಒಡೆದೆ. ತಪ್ಪು ಬಿದ್ದಿರಲಿಲ್ಲ. ನನ್ನ ಅಣ್ಣ ಸಾವಿನ ಸುದ್ದಿಯನ್ನು ಕಂಪನಿಗೆ ತಂತಿಯಲ್ಲಿ ತಿಳಿಸಿದ್ದ. ಅದಕ್ಕೆ ಉತ್ತರ ಇದು. ‘ತಮ್ಮ ಮ್ಯಾನೇಜರರಾದ ರಾಮಾಂಜಿನಪ್ಪನವರ ಅಕಾಲ ಮರಣದಿಂದ ತಮಗೆ ಆಗಿರುವ ನಷ್ಟಕ್ಕಾಗಿ ಕಂಪನಿಯ ಡೈರೆಕ್ಟರುಗಳು ತಮಗೆ ಸಂತಾಪ ಸೂಚಿಸಲು ಬಯಸುತ್ತಾರೆ.’

ನನ್ನ ಗಂಡ ಸತ್ತದ್ದಕ್ಕೆ ಲಂಡನ್ನಿನಿಂದ ಬಂದ ಸಂತಾಪ ಕಸ ಗುಡಿಸುವವಳ ಹೆಸರಿಗಿತ್ತು. ಎರಡು ಸಲ ಓದಿದೆ. ಆಮೇಲೆ ಅವರ ಮರದ ಪೆಟ್ಟಿಗೆ ತೆಗೆದೆ.

ಕಾಗದ ಪತ್ರಗಳನ್ನು ಅವರು ಬಹಳ ಅಚ್ಚುಕಟ್ಟಾಗಿ ಇಡುತ್ತಿದ್ದರು. ಎಲ್ಲವೂ ತಾರೀಖಿನ ಪ್ರಕಾರ ಇತ್ತು. ಮಧ್ಯಾಹ್ನದ ಹೊತ್ತಿಗೆ ನನಗೆ ವಿಷಯ ತಿಳಿಯಿತು.

ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾ ಅಲ್ಲ. ನಾವು ಇದನ್ನು ಯೋಚಿಸುವುದಿಲ್ಲ, ಲಂಡನ್ನಿನ ವಕೀಲರು ಯೋಚಿಸುತ್ತಾರೆ. ಅವರ ಲೆಕ್ಕದಲ್ಲಿ ಅನುಗೊಂಡನಹಳ್ಳಿ ಪರದೇಶ. ಪರದೇಶದಲ್ಲಿ ಕಂಪನಿ ತಾನೇ ಆಳು ಇಟ್ಟರೆ ಅಲ್ಲಿ ಅಂಗಡಿ ತೆರೆದ ಹಾಗೆ. ನೋಂದಣಿ, ತೆರಿಗೆ, ಅಲ್ಲಿಯ ಕಾನೂನಿನ ತಲೆನೋವು ಎಲ್ಲವೂ ಬರುತ್ತದೆ. ಆದ್ದರಿಂದ ಸಂಸ್ಥಾನದ ಪ್ರಜೆಯೊಬ್ಬರು ಕೂಲಿಯವರನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಬೇಕು, ಕಂಪನಿ ಆ ಮಾಲೀಕರಿಗೆ ಹಣ ಕಳಿಸಬೇಕು, ಮಾಲೀಕರು ಸಂಬಳ ಕೊಡಬೇಕು. ಕೆಲಸ ಕಂಪನಿಯದು, ಆಳು ಕಂಪನಿಯದಲ್ಲ. ಕಾಗದದಲ್ಲಿ ಎಲ್ಲವೂ ಸರಿಯಾಗಿರಬೇಕೆಂಬುದು ಅವರ ಆಸೆ. ನಿಜಕ್ಕೂ ಪ್ರಾಮಾಣಿಕವಾದ ಆಸೆ.

ನನ್ನ ಗಂಡ ಮಾಲೀಕರಾಗುವ ಹಾಗಿರಲಿಲ್ಲ. ಅವರು ಹೊಸೂರು ತಾಲ್ಲೂಕಿನ ಬಾಗಲೂರಿನವರು. ಬಾಗಲೂರು ನಮ್ಮಿಂದ ಅರ್ಧ ದಿನದ ಗಾಡಿ ದಾರಿ, ನಡುವೆ ಒಂದು ಗಡಿಕಲ್ಲು. ಕಲ್ಲಿನ ಆಚೆ ಮದರಾಸು ಪ್ರಾಂತ. ದನಗಳು ಎರಡು ದೇಶಗಳಲ್ಲೂ ಮೇಯುತ್ತವೆ, ಆದರೆ ಮನುಷ್ಯ ಒಂದರ ಪ್ರಜೆ ಮಾತ್ರ. ನಾನಾದರೂ ತೂಬಗೆರೆಯವಳು, ಮೈಸೂರಿನ ಪ್ರಜೆ ಎಂದುಕೊಂಡಿದ್ದೆ. ಹೆಂಡತಿ ಗಂಡನ ದೇಶಕ್ಕೆ ಸೇರುತ್ತಾಳೆಂದು ವಕೀಲರ ಪತ್ರವೊಂದರಲ್ಲಿ ಇತ್ತು. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಓದಿ, ಹುಟ್ಟಿದ ಜಿಲ್ಲೆಯಲ್ಲೇ ಮದುವೆಯಾಗಿ, ಅಲ್ಲಿಯೇ ನಾನು ವಿದೇಶಿಯಾಗಿದ್ದುದು ಆ ಮಧ್ಯಾಹ್ನದವರೆಗೆ ನನಗೆ ಗೊತ್ತಿರಲಿಲ್ಲ.

ಊರಿನ ಗಂಡಸರು ಯಾಕಾಗಲಿಲ್ಲ ಎಂಬುದಕ್ಕೂ ನನ್ನ ಗಂಡನ ಕೈಬರಹದ ಟಿಪ್ಪಣಿ ಇತ್ತು: ‘ಗಂಡಸಾದರೆ ನಾಳೆ ಷೆಡ್ಡು ತನ್ನದೇ ಎಂದಾನು.’ ಹೆಂಗಸೇ ಆಗಬೇಕು, ಅವಳ ಹೆಸರಿನಲ್ಲಿ ಜಮೀನಿರಬೇಕು, ಓದು ಬರಬಾರದು. ಗಂಡ ಬದುಕಿರುವ ಹೆಂಗಸರ ಹೆಸರಿನಲ್ಲಿ ಜಮೀನಿರುವುದಿಲ್ಲ. ಆದ್ದರಿಂದ ವಿಧವೆ. ಅಕ್ಕಯಮ್ಮ ಎಲ್ಲಕ್ಕೂ ಸರಿಹೋದಳು.

ಎರಡು ವರ್ಷ ಕಂಪನಿ ಅವಳಿಗೆ ಪತ್ರ ಬರೆದಿತ್ತು, ಅವಳು ಉತ್ತರ ಬರೆದಿದ್ದಳು, ನನ್ನ ಗಂಡನ ಅಕ್ಷರದಲ್ಲಿ. ಕಂಪನಿಯ ಪ್ರಶ್ನೆಗಳು ವಿಚಿತ್ರವಾಗಿದ್ದವು. ‘ದ್ಯಾವಮ್ಮ ಎಂಬವರು ಮೂರು ದಿನ ಮಾರಮ್ಮನ ಸಲುವಾಗಿ ರಜೆ ಪಡೆದಿದ್ದಾರೆ. ಈ ಮಾರಮ್ಮ ಅವರಿಗೆ ಏನಾಗಬೇಕು?’ ‘ಕೂಲಿಯವರ ಪಟ್ಟಿಯಲ್ಲಿ ಮಾರಕ್ಕನವರ ಜನ್ಮ ದಿನಾಂಕ ಪ್ಲೇಗು ಬಂದ ವರ್ಷ ಎಂದಿದೆ. ದಯವಿಟ್ಟು ಯಾವ ಪ್ಲೇಗು ಎಂದು ತಿಳಿಸಿ.’ ಎಲ್ಲಕ್ಕೂ ಅವರು ತಾಳ್ಮೆಯಿಂದ ಉತ್ತರಿಸಿದ್ದರು. ಮಾರಮ್ಮ ಕುಟುಂಬದ ಹಿರಿಯರು ಎಂದು ಬರೆದಿದ್ದರು.

ಒಂದು ಪತ್ರವನ್ನು ಮಾತ್ರ ನಾನು ಪಕ್ಕಕ್ಕಿಟ್ಟೆ. ಹಣ ತಡವಾದಾಗ ಬರೆದದ್ದು. ‘ನಾನು ವಿಧವೆ. ಕೈಯಲ್ಲಿ ಕಾಸಿಲ್ಲದೆ ಆಳುಗಳ ಮುಖ ನೋಡುವ ವಿಧವೆಯ ಕಷ್ಟ ತಮಗೆ ತಿಳಿಯದ್ದಲ್ಲ.’ ಅಕ್ಷರಗಳು ದುಂಡಗೆ, ನೇರವಾಗಿದ್ದವು. ಹೆಂಡತಿಯ ಪರವಾಗಿ ಅವರು ಯಾವತ್ತೂ ಇಷ್ಟು ಚೆನ್ನಾಗಿ ಬರೆದವರಲ್ಲ.

ಆಳುಗಳ ಪಟ್ಟಿಯ ಕೊನೆಯ ಹೆಸರು, ಒಂಬತ್ತನೆಯದು: ಅಕ್ಕಯಮ್ಮ, ಕಸ ಮತ್ತು ಸೌದೆ, ತಿಂಗಳಿಗೆ ಎಂಟು ರೂಪಾಯಿ. ಅವಳನ್ನು ಕೆಲಸಕ್ಕೆ ಇಟ್ಟುಕೊಂಡವಳು ಮಾಲೀಕಳಾದ ಅಕ್ಕಯಮ್ಮ. ಎರಡು ಕಡೆಯೂ ಒಂದೇ ಹೆಬ್ಬೆಟ್ಟು.

ಪಟ್ಟೆ ದಾರ ಪೋಣಿಸಿ ಕಟ್ಟಿದ ಕಡತದ ಕೊನೆಯಲ್ಲಿತ್ತು. ಅಷ್ಟೇನೂ ಹುಡುಕಬೇಕಾಗಲಿಲ್ಲ.

ಆಗಲೇ ಕರೆದು ಕೊಡಬಹುದಾಗಿತ್ತು. ಆದರೆ ಲಕೋಟೆಯೊಳಗಿನ ಪತ್ರಕ್ಕೆ ಎರಡನೆಯ ಹಾಳೆಯಿತ್ತು. ಗುರುವಾರ ಮದರಾಸಿನಿಂದ ದೊರೈಸ್ವಾಮಿ ಎಂಬ ಅಧಿಕಾರಿ ಸಂಬಳದ ಹಣ ತರುತ್ತಾರೆ, ಮಾಲೀಕರನ್ನು ಖುದ್ದಾಗಿ ಕಾಣುತ್ತಾರೆ. ಮ್ಯಾನೇಜರು ತೀರಿಕೊಂಡಿರುವುದರಿಂದ ಇನ್ನು ಮುಂದೆ ಪಟ್ಟೆಯ ನಕಲು ಸಾಲದು, ಮೂಲ ಕಾಗದ ಮದರಾಸಿನ ಕಚೇರಿಯಲ್ಲಿ ಠೇವಣಿ ಇರಬೇಕು. ಇದ್ದರೆ ಕೆಲಸ ಮುಂದುವರಿಯುತ್ತದೆ. ತೀರಿಕೊಂಡವರ ಪತ್ನಿ ವಿದ್ಯಾವಂತರೆಂದು ಕೇಳಿದ್ದೇವೆ, ಬ್ರಿಟಿಷ್ ಪ್ರಜೆಯೂ ಆಗಿರುವುದರಿಂದ ಮ್ಯಾನೇಜರ ಜಾಗಕ್ಕೆ ಅವರು ಬಂದರೆ ಕಂಪನಿಯ ಅಭ್ಯಂತರವಿಲ್ಲ. ತಿಂಗಳಿಗೆ ನಲವತ್ತು ರೂಪಾಯಿ.

ನಾವಿದ್ದದ್ದು ಬಾಡಿಗೆ ಮನೆ. ಅತ್ತೆ ಮತ್ತು ನಾನು. ದಾರ ಬಿಚ್ಚದೆ ಕಡತವನ್ನು ಹಾಗೇ ಒಳಗಿಟ್ಟು ಪೆಟ್ಟಿಗೆ ಮುಚ್ಚಿದೆ.

ಮಂಗಳವಾರ ಅಕ್ಕಯಮ್ಮ ಬಂದಳು. “ಸಿಕ್ತಾ ಅಮ್ಮಾರೆ?”

“ಹುಡುಕ್ತಾ ಇದೀನಿ.”

ಬುಧವಾರವೂ ಬಂದಳು. “ಸಿಕ್ತಾ?”

“ನಾಳೆ ನೋಡೋಣ.”

ಹಾಗೆಂದ ಮೇಲೆ ನನ್ನ ಧ್ವನಿ ಯಾರದೋ ಧ್ವನಿಯಂತೆ ಕೇಳಿಸಿತು. ಯಾರದೆಂದು ಯೋಚಿಸಲಿಲ್ಲ.

ಬುಧವಾರವೇ ಅವಳನ್ನೂ ಪಿಳ್ಳಮ್ಮನನ್ನೂ ಹಿತ್ತಲಲ್ಲಿ ಕೂರಿಸಿ ವಿಷಯ ಹೇಳಿದೆ. ಹೇಳದೆ ಇರುವ ಹಾಗಿರಲಿಲ್ಲ. ಮರುದಿನ ಮಾಲೀಕಳನ್ನು ನೋಡಲು ಜನ ಬರುತ್ತಿದ್ದರು. ಠೇವಣಿಯ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.

ಪಿಳ್ಳಮ್ಮ ಅಕ್ಕಯಮ್ಮನ ಕಡೆ ತಿರುಗಿದಳು.

“ನನ್ನ ಇಟ್ಕಂಡಿರೋಳು ನೀನಾ?”

“ನಂಗೇನೇ ಗೊತ್ತು!”

“ಎರಡು ವರ್ಷದಿಂದ ನನ್ನ ಬಾಂಡ್ಲಿ ಕೆಳಗೆ ಸೌದೆ ಹಾಕ್ತೀಯ, ಬೆಂಕಿ ಕಮ್ಮಿ ಆಯ್ತು ಅಂತ ನಿಂಗೆ ದಿನಾ ಬೈತೀನಿ. ಒಂದ್ ದಿನ ಬಾಯಿ ಬಿಟ್ಟು ‘ನಾನು ನಿನ್ನ ಯಜಮಾನಿ ಕಣೇ’ ಅನ್ನಬಾರದಾ?”

“ಗೊತ್ತಿದ್ರೆ ತಾನೆ ಅನ್ನೋದು? ಗೊತ್ತಿದ್ದಿದ್ರೆ ಸೌದೆ ನಿನ್ನ ಕೈಲಿ ಹಾಕಿಸ್ತಿದ್ದೆ.” ಅಕ್ಕಯಮ್ಮ ನನ್ನ ಕಡೆ ನೋಡಿದಳು. “ಅದಿರ್ಲಿ ಅಮ್ಮಾರೆ. ಯಜಮಾನಿಗೆ ಸಂಬಳ ಎಷ್ಟು?”

“ಯಜಮಾನಿಗೆ ಸಂಬಳ ಇರೋದಿಲ್ಲ ಅಕ್ಕಯಮ್ಮ. ಆಳಿಗೆ ಮಾತ್ರ.”

“ಹಂಗಾದ್ರೆ ಆಳೇ ವಾಸಿ,” ಎಂದಳು.

ಗುರುವಾರ ಹನ್ನೊಂದು ಗಂಟೆಗೆ ದೊರೈಸ್ವಾಮಿ ದೇವನಗೊಂದಿಯಲ್ಲಿ ರೈಲಿಳಿದು ಎತ್ತಿನ ಗಾಡಿಯಲ್ಲಿ ಬಂದರು. ಸಣ್ಣ ಆಳು, ಮುಚ್ಚುಕೋಟು, ಹಣೆಯಲ್ಲಿ ನಾಮ, ಕೈಯಲ್ಲಿ ಚರ್ಮದ ಚೀಲ. ಅವರ ಕನ್ನಡ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದಾಗ ಕಲಿತದ್ದು. ಮೂರು ತಿಂಗಳು ನಾನು ಹೊಸ್ತಿಲು ದಾಟಬಾರದು ಎಂಬುದು ಅತ್ತೆಯ ಲೆಕ್ಕ, ಹಾಗಾಗಿ ಜಗಲಿಯ ಮೇಲೆ ಎರಡು ಕುರ್ಚಿ ಹಾಕಿಸಿ ನಾನು ಹೊಸ್ತಿಲ ಒಳಗಡೆ ಕೂತೆ. ಒಂದು ಕುರ್ಚಿ ಅವರಿಗೆ, ಇನ್ನೊಂದು ಮಾಲೀಕರಿಗೆ. ಎಂಟು ಜನ ಹೆಂಗಸರು ಅಂಗಳದಲ್ಲಿ ಕೂತಿದ್ದರು.

ದೊರೈಸ್ವಾಮಿ ಖಾಲಿ ಕುರ್ಚಿಯನ್ನು ನೋಡಿ ಗಡಿಯಾರ ತೆಗೆದರು. “ಅಮ್ಮ, ಶ್ರೀಮತಿ ಅಕ್ಕಯಮ್ಮನವರು ಇನ್ನೂ ದಯಮಾಡಿಸಲಿಲ್ಲವೇ?”

“ಒಸಿ ಕಾಲೆತ್ತಿ ಸ್ವಾಮಿ,” ಎಂದಳು ಅಕ್ಕಯಮ್ಮ. ಜಗಲಿ ಗುಡಿಸುತ್ತಿದ್ದಳು. ಯಾರಾದರೂ ದೊಡ್ಡವರು ಬರುತ್ತಾರೆಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಅವರು ಕಾಲೆತ್ತಿದರು. ಅವಳು ಕುರ್ಚಿಯ ಕೆಳಗೆ ಗುಡಿಸಿದಳು. ಅಂಗಳದಲ್ಲಿ ಪಿಳ್ಳಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಇವರೇ ಎಂದು ನಾನು ಹೇಳಿದೆ. ದೊರೈಸ್ವಾಮಿ ಎತ್ತಿದ ಕಾಲನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಎದ್ದು ನಿಂತು ಕೈ ಮುಗಿದರು. ಎರಡು ವರ್ಷ ‘ಮಾನ್ಯರೆ’ ಎಂದು ಪತ್ರ ಬರೆದವರು, ಅಭ್ಯಾಸ ಬಿಡಲಿಲ್ಲ.

“ಕೂತುಕೊಳ್ಳಿ ಅಮ್ಮ.”

“ಬ್ಯಾಡಿ. ಗುಡಿಸಿದೀನಿ, ನೆಲ ಚೆಂದಾಗದೆ,” ಎಂದು ನೆಲದ ಮೇಲೆಯೇ ಕೂತಳು.

ಅವರು ಪರಿಶೀಲನೆ ಶುರುಮಾಡಿದರು. ಒಳ್ಳೆಯ ಮನುಷ್ಯ, ಯಾವುದನ್ನೂ ಬಿಡುವವರಲ್ಲ. ಆಳುಗಳಿಗೆ ವಾರದ ರಜೆ ಕೊಡುತ್ತೀರಾ? ಸೋಮವಾರ ಬಸವನಿಗೆ ರಜೆ, ನಮಗೆಲ್ಲಿ ಎಂದಳು ಅಕ್ಕಯಮ್ಮ. ನೇಮಕದ ಕಾಗದ ಎಲ್ಲರ ಬಳಿಯೂ ಇದೆಯೇ? ದ್ಯಾವಮ್ಮ ತನ್ನದನ್ನು ದೇವರ ಪಟದ ಹಿಂದೆ ಇಟ್ಟು ಪೂಜೆ ಮಾಡುತ್ತಿರುವುದಾಗಿ ಹೇಳಿದಳು. ಅದನ್ನು ಅವರು ‘ಸುರಕ್ಷಿತವಾಗಿ ಇಡಲಾಗಿದೆ’ ಎಂದು ಬರೆದುಕೊಂಡರು.

ಆಮೇಲೆ ಚೀಲದಿಂದ ಒಂದು ಹೊಸ ಕಾಗದ ತೆಗೆದು, ಮಸಿಯ ಡಬ್ಬಿಯ ಮುಚ್ಚಳ ಬಿಚ್ಚಿ ಜಗಲಿಯ ಮೇಲಿಟ್ಟರು.

“ಇದೊಂದು ಠೇವಣಿ ಪತ್ರ. ಇಂಗ್ಲಿಷಿನಲ್ಲಿದೆ. ಮಾಲೀಕರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ರುಜು ಪಡೆಯಬೇಕು ಎಂದು ರೂಲು ಇದೆ. ನೀವು ಓದಿದವರು, ನೀವೇ ಹೇಳಿಬಿಡಿ ಅಮ್ಮ. ಪಟ್ಟೆ ಎಲ್ಲಿದೆ?”

“ಹುಡುಕಬೇಕು,” ಎಂದೆ. ಪೆಟ್ಟಿಗೆ ನನ್ನ ಬೆನ್ನ ಹಿಂದೆಯೇ ಇತ್ತು.

ಕಾಗದವನ್ನು ಕೈಗೆ ತೆಗೆದುಕೊಂಡೆ. ಹನ್ನೆರಡು ಸಾಲು. ಅಕ್ಕಯಮ್ಮ ಅಷ್ಟರಲ್ಲಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದ್ದಳು. ಕಾಗದ ಬಂದಾಗಲೆಲ್ಲ ಹಾಗೆ ಮಾಡುವುದು ಅವಳಿಗೆ ರೂಢಿಯಾಗಿತ್ತು. ಅವಳು ಕಾಗದವನ್ನು ನೋಡುತ್ತಿರಲಿಲ್ಲ, ಮಸಿ ಡಬ್ಬಿಯನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಎಲ್ಲಿ ಒತ್ತಬೇಕು ಎಂದು ತೋರಿಸುವುದಕ್ಕಾಗಿ.

ಹೆಬ್ಬೆಟ್ಟು ಹಾಕು ಎಂದರೆ ಸಾಕಾಗಿತ್ತು. ನನ್ನ ಗಂಡ ಹಾಗೇ ಹೇಳುತ್ತಿದ್ದಿರಬೇಕು. ನಲವತ್ತು ರೂಪಾಯಿ, ಒಂಬತ್ತು ಜನರ ಕೆಲಸ. ಅವರು ಕೆಟ್ಟವರಲ್ಲ. ನಾನು ಕೂಡ ಕೆಟ್ಟವಳೆಂದು ಆ ಮೂರು ದಿನ ನನಗೆ ಅನಿಸಿರಲಿಲ್ಲ.

“ಅಕ್ಕಯಮ್ಮ, ಕೈ ತೆಗಿ. ಮೊದಲು ಓದ್ತೀನಿ,” ಎಂದೆ.

ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ನಿನ್ನ ಪಟ್ಟೆ ಮದರಾಸಿಗೆ ಹೋಗುತ್ತದೆ. ಕಂಪನಿಯ ಬೀರುವಿನಲ್ಲಿ ಇರುತ್ತದೆ. ಬಿಸಿನೀರು ಬಿದ್ದು ಯಾರದಾದರೂ ಕೈ ಸುಟ್ಟರೆ, ಯಾರಾದರೂ ದಾವಾ ಹಾಕಿದರೆ, ಪರಿಹಾರ ಕೊಡಬೇಕಾದವಳು ನೀನು, ನಿನ್ನ ಹೊಲದಿಂದ. ಕಂಪನಿ ಹೇಳಿದ ದಿನ ಮಾತ್ರ ಪಟ್ಟೆ ವಾಪಸು ಬರುತ್ತದೆ.

“ಶನಿವಾರಕ್ಕೆ ಬರ್ತದಾ?” ಎಂದಳು.

“ಇಲ್ಲ.”

ಚಾಚಿದ್ದ ಹೆಬ್ಬೆರಳನ್ನು ಅವಳು ಉಳಿದ ನಾಲ್ಕು ಬೆರಳುಗಳ ಒಳಗೆ ಮಡಚಿಟ್ಟುಕೊಂಡಳು.

“ನನ್ನ ಪಟ್ಟೆ ರೈಲು ಹತ್ತಲ್ಲ ಸ್ವಾಮಿ.”

“ಅಮ್ಮ, ಇದೆಲ್ಲ ನಿಮ್ಮ ರಕ್ಷಣೆಗೇ ಮಾಡಿರೋದು,” ಎಂದರು ದೊರೈಸ್ವಾಮಿ. ಹಾಗೆಂದು ನಂಬಿಯೇ ಹೇಳಿದರು.

“ಯಾರಿಂದ ರಕ್ಷಣೆ? ಪಿಳ್ಳಿಯಿಂದಲಾ?”

ಅಂಗಳದಲ್ಲಿ ಗುಜುಗುಜು ಎದ್ದಿತು. ಮಾರಕ್ಕ, “ಕೊಟ್ಬಿಡೇ ಅಕ್ಕಯ್ಯ, ಕೆಲಸ ಹೋಗ್ತದೆ,” ಎಂದಳು. “ನಿನ್ನ ತಾಳಿ ಬಿಚ್ಚಿ ಕೊಡೇ ಮೊದಲು, ಮದರಾಸಲ್ಲಿ ಇಟ್ಕಂಡಿರಲಿ,” ಎಂದು ಪಿಳ್ಳಮ್ಮ ಅವಳ ಬಾಯಿ ಮುಚ್ಚಿಸಿದಳು.

ದೊರೈಸ್ವಾಮಿ ಕನ್ನಡಕ ತೆಗೆದು ಒರೆಸಿದರು. ಠೇವಣಿ ಇಲ್ಲದಿದ್ದರೆ ಈ ಏರ್ಪಾಟು ಇವತ್ತಿಗೆ ಮುಗಿಯಿತೆಂದು ಬರೆಯಬೇಕಾಗುತ್ತದೆ. ಎರಡು ತಿಂಗಳ ಸಂಬಳ ಕೊಡುತ್ತೇನೆ, ಅದು ಆಳುಗಳ ದುಡಿಮೆ. ಮುಂದಿನ ತಿಂಗಳಿಗೆಂದು ತಂದ ಹಣವನ್ನು ವಾಪಸು ಒಯ್ಯುತ್ತೇನೆ. ಕಂಪನಿ ಈ ಕ್ಷಣದಿಂದ ಇವರನ್ನು ಕೆಲಸದಿಂದ ಬಿಡಿಸಿದೆ ಎಂದರು.

“ಬಿಡಿಸೋಕಾಗೋದಿಲ್ಲ,” ಎಂದೆ.

“ಯಾಕಮ್ಮ?”

“ಇವರು ಕಂಪನಿಯ ಆಳುಗಳಲ್ಲ.”

ಎದ್ದೆ. ಪೆಟ್ಟಿಗೆ ತೆಗೆದು, ಕಡತದಿಂದ ಬೇರೆಯಾಗಿದ್ದ ಕರಾರು ಪತ್ರವನ್ನು ಮಾತ್ರ ಹಿಡಿದು ಬಂದು ಅವರ ಮುಂದಿಟ್ಟೆ. ಸೋಮವಾರದಿಂದ ನಾನು ಬೇರೇನನ್ನೂ ಓದಿರಲಿಲ್ಲ. ಎರಡನೆಯ ಕಲಮು: ಕೂಲಿಯವರಿಗೂ ಕಂಪನಿಗೂ ಯಾವ ಸಂಬಂಧವೂ ಇಲ್ಲ. ಇಡುವ, ಬಿಡಿಸುವ ಅಧಿಕಾರ ಮಾಲೀಕರದೊಂದೇ. ಒಂಬತ್ತನೆಯ ಕಲಮು: ಮಾಲೀಕರು ಆಳನ್ನು ಬಿಡಿಸಿದರೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡತಕ್ಕದ್ದು. ಹತ್ತನೆಯದು: ಮಾಲೀಕರು ನ್ಯಾಯವಾಗಿ ಕೊಟ್ಟ ಹಣವನ್ನೆಲ್ಲ ಕಂಪನಿ ತುಂಬಿಕೊಡತಕ್ಕದ್ದು.

ದೊರೈಸ್ವಾಮಿ ಓದಿದರು. ಇನ್ನೊಮ್ಮೆ ಓದಿದರು. ಬೇರೆ ಯಾರಾದರೂ ಆಗಿದ್ದರೆ ಕಾಗದ ಮಡಚಿ ಗಾಡಿ ಹತ್ತುತ್ತಿದ್ದರು. ಅವರು ಹಾಗಲ್ಲ. ಬರೆದದ್ದನ್ನು ಮೀರುವುದು ಅವರಿಂದ ಆಗುವ ಕೆಲಸವಲ್ಲ.

“ಸರಿಯಮ್ಮ,” ಎಂದರು. “ಆದರೆ ಮಾಲೀಕರೇ ಬಿಡಿಸಬೇಕು. ಒಬ್ಬೊಬ್ಬರನ್ನಾಗಿ. ನಾನು ಸಾಕ್ಷಿ.”

ಅಕ್ಕಯಮ್ಮನಿಗೆ ನಾನು ವಿವರಿಸಿದೆ. ಪಿಳ್ಳಮ್ಮನಿಗೆ ವಿವರಿಸಬೇಕಾಗಲಿಲ್ಲ. ಸೆರಗು ಬಿಗಿದುಕೊಂಡು ಅವಳೇ ಮೊದಲು ಬಂದು ನಿಂತಳು.

“ಯಜಮಾನಮ್ಮೋರೆ, ನನ್ನ ಕೆಲಸದಿಂದ ತೆಗೀರಿ.”

“ತೆಗೆದೆ, ಹೋಗೇ.”

“ಯಾಕಂತೆ?”

“ನಿನ್ನ ಬಾಯಿಗೆ.”

“ಕಾರಣ ಕೊಡಬೇಕಾಗಿಲ್ಲ,” ಎಂದರು ದೊರೈಸ್ವಾಮಿ, ಬರೆಯುತ್ತಲೇ. “ಒಂಬತ್ತನೆಯ ಕಲಮಿನಲ್ಲಿ ಕಾರಣ ಕೇಳಿಲ್ಲ.”

ಹಾಗೆ ಎಂಟು ಜನ ಬಂದರು. ಕೆಲಸ ಕಳೆದುಕೊಳ್ಳುವುದಕ್ಕೆ ಜನ ಅಷ್ಟು ಅವಸರಪಡುವುದನ್ನು ನಾನು ನೋಡಿರಲಿಲ್ಲ. ಹಣವನ್ನು ದೊರೈಸ್ವಾಮಿ ಮಾಲೀಕರ ಕೈಗೆ ಕೊಡುವರು, ಮಾಲೀಕರು ಎಣಿಸಲು ಬಾರದೆ ಪಿಳ್ಳಮ್ಮನ ಕೈಗೆ ಕೊಡುವರು, ಪಿಳ್ಳಮ್ಮ ಎಣಿಸಿ ಮಾಲೀಕರ ಕೈಗೆ ವಾಪಸು ಕೊಡುವಳು. ಕೊನೆಗೆ ಒಂದು ಹೆಸರು ಉಳಿಯಿತು.

“ನನ್ನ ಯಾರು ತೆಗೀತಾರೆ?” ಎಂದಳು ಅಕ್ಕಯಮ್ಮ.

“ನೀವೇ ಅಮ್ಮ,” ಎಂದರು ದೊರೈಸ್ವಾಮಿ ಮೃದುವಾಗಿ.

“ನಾನು ಚೆಂದಾಗೇ ಗುಡಿಸ್ತಿದ್ನಲ್ಲ.” ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು. ಸ್ವಲ್ಪ ಹೊತ್ತು ಹೆಬ್ಬೆರಳು ನೋಡಿಕೊಂಡಳು. ಆಮೇಲೆ ಒಂದು ಸಲ ಮಾಲೀಕಳ ಜಾಗದಲ್ಲಿ, ಒಂದು ಸಲ ಆಳಿನ ಜಾಗದಲ್ಲಿ ಒತ್ತಿದಳು. ತನ್ನ ಸಂಬಳವನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು.

ದೊರೈಸ್ವಾಮಿ ಮಜ್ಜಿಗೆ ಕುಡಿದು ಹೊರಟರು. ಗಾಡಿ ಹತ್ತುವಾಗ ನನ್ನ ಕಡೆ ತಿರುಗಿ, “ನೀವು ಮ್ಯಾನೇಜರಾಗಿದ್ದರೆ ಕಂಪನಿಗೆ ಬಹಳ ಅನುಕೂಲವಾಗುತ್ತಿತ್ತು ಅಮ್ಮ,” ಎಂದರು. ಹೊಗಳಿಕೆಯೋ ಎಂದು ಯೋಚಿಸಿದೆ. ಅಲ್ಲ, ಅವರು ಇದ್ದದ್ದನ್ನು ಹೇಳಿದ್ದರು.

“ನಲವತ್ತು ರೂಪಾಯಿ ಒದ್ದೆಯಲ್ಲೇ ತಾಯಿ,” ಎಂದರು ಅತ್ತೆ, ಬಾಗಿಲು ಮುಚ್ಚಿದ ಮೇಲೆ. “ನಿಮ್ಮಪ್ಪ ನಿನ್ನ ಓದಿಸಿದ್ದು ಇದಕ್ಕಾ? ಇನ್ನ ಬಾಗಲೂರಿಗೆ ನಡಿ, ರಾಗಿ ಬೀಸೋವಂತೆ.” ಅವರು ಅತ್ತರು. ಮಗ ಸತ್ತ ಮೇಲೆ ನನ್ನ ಎದುರಿಗೆ ಅವರು ಅತ್ತದ್ದು ಅದೇ ಮೊದಲು. ನಾನು ಪಕ್ಕದಲ್ಲಿ ಕೂತಿದ್ದೆ.

ಶುಕ್ರವಾರ ಬೆಳಗ್ಗೆ ಪಿಳ್ಳಮ್ಮನ ಮನೆಯ ಕಡೆಯಿಂದ ಹೊಗೆ ಎದ್ದಿತು. ನೂಲು ಬಿಚ್ಚುವ ಚರಕವನ್ನು ಬಾಡಿಗೆಗೆ ತಂದು ಹಿತ್ತಲಲ್ಲೇ ಒಲೆ ಹೂಡಿದ್ದಾರೆ, ನೂಲನ್ನು ಇಲ್ಲೇ ನಮ್ಮ ಜಿಲ್ಲೆಯ ವಿಜಯಪುರದ ಸಾಹುಕಾರ ಕೊಳ್ಳುತ್ತಾನಂತೆ ಎಂದು ಹಾಲಿನವಳು ಹೇಳಿದಳು. ಅಲ್ಲಿ ನೇಮಕದ ಕಾಗದವಿಲ್ಲ, ಕಲಮುಗಳಿಲ್ಲ. ಕೈ ಸುಟ್ಟರೆ ಕೇಳುವವರೂ ಇಲ್ಲ.

ಕಡತವನ್ನು ತೊಡೆಯ ಮೇಲಿಟ್ಟುಕೊಂಡು ದಾರದ ಗಂಟು ಬಿಚ್ಚಿದೆ. ನನ್ನ ಗಂಡ ಹಾಕಿದ ಗಂಟು, ಬಹಳ ಬಿಗಿಯಾಗಿತ್ತು. ಕತ್ತರಿಸಲು ಮನಸ್ಸಾಗಲಿಲ್ಲ, ಸೂಜಿಯ ಮೊನೆಯಿಂದ ಬಿಡಿಸಿದೆ. ಪಟ್ಟೆಯನ್ನು ತೆಗೆದು ಸೆರಗಿನಲ್ಲಿ ಇಟ್ಟುಕೊಂಡು ಎದ್ದೆ.

“ಎಲ್ಲಿಗೆ?” ಎಂದರು ಅತ್ತೆ. “ಶುಕ್ರವಾರ! ಯಾರ ಮನೆ ಬಾಗಿಲಿಗೆ ಹೋಗಿ ನಿಂತ್ಕತೀಯ ಈ ಹಣೇಲಿ?”

“ಅಕ್ಕಯಮ್ಮನ ಮನೆಗೆ.”

ಇಬ್ಬರು ವಿಧವೆಯರ ನಡುವೆ ಶಕುನ ಕೆಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಹೊಸ್ತಿಲು ದಾಟಿದೆ. ಬೀದಿಯಲ್ಲಿ ಬಿಸಿಲಿತ್ತು. ಅಕ್ಕಯಮ್ಮ ಮನೆಯ ಮುಂದೆ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಗಾಬರಿಯಿಂದ ಎದ್ದಳು. ಕಾಗದ ಕೊಟ್ಟೆ.

“ಇದು ಸೋಮವಾರವೇ ಸಿಕ್ಕಿತ್ತು,” ಎಂದೆ.

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಪಟ್ಟೆಯನ್ನು ಬಿಚ್ಚಿ, ಮೊಹರನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಬಿಸಿಲಿಗೆ ಎತ್ತಿ ಹಿಡಿದಳು. ಕಾಗದದ ಎಡ ಅಂಚಿನಲ್ಲಿ, ದಾರ ಪೋಣಿಸಲು ನನ್ನ ಗಂಡ ಕೊರೆದ ಎರಡು ರಂಧ್ರಗಳಿಂದ ಬೆಳಕು ಬಂದು ಅವಳ ಕೆನ್ನೆಯ ಮೇಲೆ ಬಿತ್ತು.

“ತೂತು ಮಾಡವ್ರೆ,” ಎಂದಳು.

“ಹೌದು.”

“ಹೊಲಕ್ಕೇನೂ ಆಗಿಲ್ಲ ತಾನೆ?”

“ಇಲ್ಲ ಅಕ್ಕಯಮ್ಮ. ಹೊಲಕ್ಕೇನೂ ಆಗಿಲ್ಲ,” ಎಂದೆ.